ಅಳಿಸಿದ್ದು ‘ಓಕೆ’ ಸಾಲುಗಳನ್ನು, ಹೋಗಿದ್ದು ಲೋಕಾಪುರದ ಸಾಲುಗಳು

ಪ್ರಶ್ನೆ: ನಮಸ್ಕಾರ ಸರ್. ವಿಜಯಪುರದ ಹತ್ತಿರ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಲೆಕ್ಕಪತ್ರ, ಕಂಪ್ಯೂಟರ್ ಎರಡನ್ನೂ ನಾನೇ ನೋಡಿಕೊಳ್ಳುತ್ತೇನೆ. ನಾಲ್ಕು ಕೊಠಡಿ ಇವೆ, ಸೀಸನ್‌ನಲ್ಲಿ ನಾಲ್ಕೂ ಒಣದ್ರಾಕ್ಷಿ ಬಾಕ್ಸ್‌ಗಳಿಂದ ತುಂಬಿರುತ್ತವೆ. ಡಿಗ್ರಿ ಅಳೆಯುವ ಮಷಿನ್ ಪ್ರತಿ ನಿಮಿಷಕ್ಕೆ ಕೊಠಡಿಗೊಂದು ಸಾಲು ಬರೆಯುತ್ತದೆ. ತಾರೀಖು, ಟೈಮ್, ಕೊಠಡಿ ನಂಬರ್, ಮಾಲು ಬಂದ ಊರು, ಡಿಗ್ರಿ, ಕೊನೆಗೆ ‘ಓಕೆ’, ‘ಹೈ’ ಇಲ್ಲವೇ ‘ಫೇಲ್’. ಎಲ್ಲವೂ ಇಂಗ್ಲಿಷ್ ದೊಡ್ಡಕ್ಷರದಲ್ಲಿ. ನಾನು ದಿನಾ ಬೆಳಿಗ್ಗೆ ಪುಟ್ಟಿ ಎಂಬ ಪ್ರೋಗ್ರಾಮ್ ಹಾಕಿ ದೂರದ ಲಿನಕ್ಸ್ ಸರ್ವರ್ ಒಳಗೆ ಹೋಗಿ, ವಿಮ್ ಎಂಬ ಎಡಿಟರ್‌ನಲ್ಲಿ ಹಿಂದಿನ ದಿನದ ಫೈಲ್ ತೆರೆದು, ‘ಓಕೆ’ ಸಾಲುಗಳನ್ನು ತೆಗೆದು ಉಳಿದದ್ದನ್ನು ಸಾಹುಕಾರರಿಗೆ ಕೊಡಬೇಕು. ಮೊದಲೆಲ್ಲ ಡಿ ಕೀ ಒತ್ತಿ ಹಿಡಿದು ಅಳಿಸುತ್ತಿದ್ದೆ. ಆಮೇಲೆ ಗೆಳೆಯರೊಬ್ಬರು ‘:ಜಿ/ಓಕೆ/ಡಿ’ ಹೇಳಿಕೊಟ್ಟರು, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಆದರೆ ಮೊನ್ನೆ ಮೂರನೇ ಕೊಠಡಿಯ ಕಂಪ್ರೆಸರ್ ಅರ್ಧ ಗಂಟೆ ನಿಂತಿತ್ತು, ನನ್ನ ರಿಪೋರ್ಟಿನಲ್ಲಿ ಮಾತ್ರ ಆ ಕೊಠಡಿಯ ಒಂದೂ ಸಾಲು ಇಲ್ಲ! ಆ ಕೊಠಡಿಯಲ್ಲಿರುವುದು ಲೋಕಾಪುರದ ಮಾಲು, ಅವರು ಈಗ ರೆಕಾರ್ಡ್ ಕೇಳುತ್ತಿದ್ದಾರೆ. ಸೇವ್ ಮಾಡಿ ಹೊರಗೆ ಬಂದುಬಿಟ್ಟಿದ್ದೆ. ವಿಮ್‌ನಲ್ಲಿ ಏನಾದರೂ ದೋಷ ಇದೆಯಾ? ಹೋದದ್ದು ವಾಪಸ್ ಬರುತ್ತದಾ? ಅನ್‌ಡೂ ಒಂದೇ ಸಲ ನಡೆಯುತ್ತದೆ, ಸೇವ್ ಆದಮೇಲೆ ನಡೆಯುವುದೇ ಇಲ್ಲ ಅಂತಾರೆ, ನಿಜವಾ? ಕೆಲವು ಸಲ ಸಾಲು ಅಳಿಸಲು ಡಿಡಿ ಒತ್ತಿದರೂ ಏನೂ ಆಗುವುದಿಲ್ಲ, ಅದು ಯಾಕೆ? ಇದೆಲ್ಲ ಬಿಟ್ಟು ನ್ಯಾನೋ ಎಂಬ ಇನ್ನೊಂದು ಎಡಿಟರ್ ಹಿಡಿಯಲಾ?

ಉತ್ತರ: ಮೊದಲು ಅರ್ಜೆಂಟ್ ಮಾತು. ಹೋದ ಸಾಲುಗಳನ್ನು ವಿಮ್ ಒಳಗೆ ಹುಡುಕುತ್ತಾ ಕೂರಬೇಡಿ, ಅಲ್ಲಿ ಸಿಗುವುದಿಲ್ಲ. ಆದರೆ ಇಂಥ ರೆಕಾರ್ಡರ್‌ಗಳಲ್ಲಿ ಎಷ್ಟೋ ಮಷಿನ್‌ಗಳಿಗೆ ತಮ್ಮದೇ ಮೆಮೊರಿ ಇರುತ್ತದೆ. ಸರ್ವರ್‌ಗೆ ಕಳಿಸುವುದು ಒಂದು ಪ್ರತಿ, ಒಳಗೆ ಇಟ್ಟುಕೊಳ್ಳುವುದು ಇನ್ನೊಂದು. ಮೆಮೊರಿ ತುಂಬಿದ ಮೇಲೆ ಹಳೆಯದನ್ನು ಒರೆಸಿ ಹೊಸದು ಬರೆಯುವುದು ಅವುಗಳ ರೂಢಿ. ಹಾಗಾಗಿ ಮಷಿನ್ ಹಾಕಿಕೊಟ್ಟವರಿಗೆ ಇವತ್ತೇ ಫೋನ್ ಮಾಡಿ, ಆ ದಿನದ ಡೇಟಾ ಇಳಿಸಿಕೊಡಿ ಅನ್ನಿ. ಸರ್ವರ್‌ಗೆ ರಾತ್ರಿ ಬ್ಯಾಕಪ್ ಆಗುತ್ತಿದ್ದರೆ ಅದನ್ನೂ ಕೇಳಿ. ಲೋಕಾಪುರದವರಿಗೆ ಏನಾದರೂ ಹೇಳುವುದಿದ್ದರೆ ಇದು ಸಿಕ್ಕಿದ ಮೇಲೆ ಹೇಳಿ.

ಮುಂದೆ ಓದುವ ಮುಂಚೆ ಒಂದು ಸೂಚನೆ. ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಹೊಡೆಯುವಾಗ ಇಂಗ್ಲಿಷ್ ಕೀಗಳನ್ನೇ ಒತ್ತಬೇಕು. ಸುಮ್ನೆ ‘ಡಿ’ ಅಂದರೆ ಸಣ್ಣಕ್ಷರ. ‘ಓಕೆ’, ‘ಹೈ’, ‘ಫೇಲ್’ ಮಾತ್ರ ಫೈಲ್‌ನಲ್ಲಿರುವ ಹಾಗೇ ದೊಡ್ಡಕ್ಷರದಲ್ಲಿ. ‘ದೊಡ್ಡ ವಿ’, ‘ದೊಡ್ಡ ಜಿ’ ಅಂದರೆ ಶಿಫ್ಟ್ ಹಿಡಿದು ಒತ್ತುವುದು.

ವಿಮ್‌ನಲ್ಲಿ ದೋಷ ಇಲ್ಲ. ಲೋಕಾಪುರವನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದು ನೋಡಿ. ಎಲ್ ಆದಮೇಲೆ ಏನು ಬರುತ್ತದೆ? ಓ, ಆಮೇಲೆ ಕೆ. ‘:ಜಿ/ಓಕೆ/ಡಿ’ ಅಂದರೆ ‘ಓ ಮತ್ತು ಕೆ ಅಕ್ಕಪಕ್ಕ ಇರುವ ಸಾಲು ಎಲ್ಲೇ ಕಂಡರೂ ತೆಗೆ’ ಎಂದು. ಸ್ಥಿತಿ ಬರೆಯುವ ಜಾಗದಲ್ಲಿ ಮಾತ್ರ ನೋಡು ಎಂದು ನೀವು ಹೇಳಿಲ್ಲ, ಅದು ನೋಡಲೂ ಇಲ್ಲ. ಮೂರನೇ ಕೊಠಡಿಯ ಪ್ರತಿ ಸಾಲಿನಲ್ಲೂ ಊರಿನ ಹೆಸರು ಇದ್ದದ್ದರಿಂದ ‘ಓಕೆ’ ಸಾಲಿನ ಜೊತೆ ‘ಹೈ’, ‘ಫೇಲ್’ ಸಾಲುಗಳೂ ಹೋದವು. ಹಿಂದಿನ ದಿನಗಳಲ್ಲೂ ಹೋಗಿರಬೇಕು. ಲೋಕಾಪುರದ ಮಾಲು ಒಳಗೆ ಬಂದ ದಿನದಿಂದ ಇವತ್ತಿನವರೆಗಿನ ರಿಪೋರ್ಟ್‌ಗಳನ್ನು ಒಮ್ಮೆ ತಿರುವಿ ಹಾಕಿ. ಮೂರನೇ ಕೊಠಡಿಯ ಒಂದು ಎಚ್ಚರಿಕೆಯೂ ಅವುಗಳಲ್ಲಿ ಇರುವುದಿಲ್ಲ. ಮಷಿನ್‌ನವರಿಗೆ ಫೋನ್ ಮಾಡುವಾಗ ಅಷ್ಟೂ ದಿನಗಳ ಡೇಟಾ ಕೇಳಿ.

ಇದನ್ನು ತಪ್ಪಿಸುವುದು ಸುಲಭ. ಮಷಿನ್ ಸ್ಥಿತಿಯನ್ನು ಸಾಲಿನ ಕೊನೆಯಲ್ಲಿ ಬರೆಯುತ್ತದೆ ಅಂದಿರಿ. ‘:ಜಿ/ಓಕೆ$/ಡಿ’ ಎಂದರೆ ಸಾಲು ‘ಓಕೆ’ ಎಂದು ಮುಗಿದರೆ ಮಾತ್ರ ತೆಗೆಯುತ್ತದೆ, ಡಾಲರ್ ಚಿಹ್ನೆಯ ಕೆಲಸ ಅದು. ಕೊನೆಯಲ್ಲಿ ಸ್ಪೇಸ್ ಏನಾದರೂ ಉಳಿದಿರುವ ಸಂಶಯ ಇದ್ದರೆ ‘:ಜಿ/\<ಓಕೆ\>/ಡಿ’ ಇನ್ನೂ ವಾಸಿ. ಆ ಎರಡು ಗುರುತುಗಳು ‘ಓಕೆ’ ಒಂದು ಬಿಡಿ ಪದವಾಗಿ ನಿಂತಿರಬೇಕು ಎನ್ನುತ್ತವೆ. ಆಗ ಲೋಕಾಪುರದ ಹೊಟ್ಟೆಯೊಳಗಿನ ‘ಓಕೆ’ಗೆ ಏನೂ ಆಗುವುದಿಲ್ಲ.

ಆದರೆ ಸರಿಯಾದ ಪ್ಯಾಟರ್ನ್, ಅಂದರೆ ಹುಡುಕುವ ಪದದ ಮಾದರಿ, ಬಾಯಿಪಾಠ ಮಾಡಿದರೆ ಸಾಲದು. ನಾಳೆ ಇನ್ನೊಂದು ಊರು, ಇನ್ನೊಂದು ಪದ ಬರುತ್ತದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪ್‌ಗಳಲ್ಲಿ ಇಂಥ ಲಾಗ್ ಫೈಲ್‌ಗಳ ಕೆಲಸ ಮಾಡುತ್ತಾ ನಾನು ಕಂಡದ್ದು ಇಷ್ಟು: ಸಾಲು ಅಳಿಸುವುದರಲ್ಲಿ ಯಾರೂ ನಿಧಾನ ಇರುವುದಿಲ್ಲ. ತಪ್ಪಾಗಿ ಅಳಿಸಿದ್ದನ್ನು ಸರಿಮಾಡುವುದರಲ್ಲೇ ಟೈಮ್ ಹೋಗುತ್ತದೆ. ಆದ್ದರಿಂದ ಯಾವ ವಿಧಾನದಲ್ಲಿ ಕೀ ಕಡಿಮೆ ಎಂದು ಲೆಕ್ಕ ಹಾಕುವವರ ಮಾತಿಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಏನು ಹೋಗುತ್ತದೆ ಎಂದು ಹೋಗುವ ಮುಂಚೆಯೇ ಕಣ್ಣಿಗೆ ಕಾಣಬೇಕು. ಅದು ಕಾಣುವ ವಿಧಾನವೇ ಕೊನೆಗೆ ವೇಗದ್ದೂ ಆಗುತ್ತದೆ.

ನಿಮ್ಮ ಫೈಲನ್ನೇ ತೆಗೆದುಕೊಳ್ಳಿ. ನಾಲ್ಕು ಕೊಠಡಿ, ದಿನಕ್ಕೆ 1440 ನಿಮಿಷ, ಒಟ್ಟು 5760 ಸಾಲು. ಅಳಿಸುವ ಮುಂಚೆ ‘:%ಎಸ್/ಓಕೆ$//ಎನ್’ ಹೊಡೆಯಿರಿ. ಕೊನೆಯ ‘ಎನ್’ ಇರುವುದರಿಂದ ಇದು ಫೈಲ್‌ನಲ್ಲಿ ಏನನ್ನೂ ಬದಲಿಸುವುದಿಲ್ಲ, ಎಷ್ಟು ಸಾಲಿನಲ್ಲಿ ಸಿಕ್ಕಿತು ಎಂದು ಕೆಳಗೆ ಬರೆಯುತ್ತದೆ, ಅಷ್ಟೇ. 5702 ಎಂದು ಬಂತು ಅಂದುಕೊಳ್ಳಿ, ಉಳಿಯಬೇಕಾದ್ದು 58. ಅದೇ ಡಾಲರ್ ಇಲ್ಲದೆ ಹೊಡೆದಿದ್ದರೆ 5723 ಬರುತ್ತಿತ್ತು. ನಡುವಿನ 21 ಸಾಲು ಎಲ್ಲಿಂದ ಬಂದವು? ಮೂರನೇ ಕೊಠಡಿಯ ಕಂಪ್ರೆಸರ್ ನಿಂತ ಸಾಲುಗಳು. ಈ ಎರಡು ನಂಬರ್ ಪಕ್ಕಪಕ್ಕ ಕಂಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ನಂಬರ್ ಸಾಲದು, ಸಾಲುಗಳನ್ನೇ ನೋಡಬೇಕು ಎಂದರೆ ‘ಡಿ’ ಬದಲು ಹ್ಯಾಶ್ ಚಿಹ್ನೆ ಹಾಕಿ: ‘:ಜಿ/ಓಕೆ$/#’. ಅಳಿಸುವ ಬದಲು ಸಾಲು ನಂಬರ್ ಸಮೇತ ತೋರಿಸುತ್ತದೆ. 5702 ಸಾಲು ಯಾರು ಓದುತ್ತಾರೆ, ಅಲ್ವಾ? ಅದಕ್ಕೆ ತಿರುಗಿಸಿ ಕೇಳಿ: ‘:ವಿ/ಓಕೆ$/#’. ‘:ವಿ’ ಎಂದರೆ ಪ್ಯಾಟರ್ನ್ ಸಿಗದ ಸಾಲುಗಳು, ಅಂದರೆ ಅಳಿಸಿದ ಮೇಲೆ ಉಳಿಯುವ 58. ಅವುಗಳಲ್ಲಿ ನಾಲ್ಕೂ ಕೊಠಡಿ ಇವೆಯಾ, ಕಂಪ್ರೆಸರ್ ನಿಂತ ಹೊತ್ತು ಇದೆಯಾ ಎಂದು ನೋಡಿ, ಆಮೇಲೆ ‘:ಜಿ/ಓಕೆ$/ಡಿ’ ಹೊಡೆಯಿರಿ.

‘:ವಿ/ಹೈ/ಡಿ’ ಹೊಡೆದರೂ ಆಗುತ್ತದಲ್ಲ, ‘ಹೈ’ ಇಲ್ಲದ್ದೆಲ್ಲ ಹೋಗಲಿ ಎಂದು ನಿಮಗೆ ಅನ್ನಿಸಬಹುದು. ಬೇಡ. ಅದರಲ್ಲಿ ‘ಫೇಲ್’ ಸಾಲುಗಳೂ ಹೋಗುತ್ತವೆ. ‘:ವಿ/ಹೈ\|ಫೇಲ್/ಡಿ’ ಎಂದು ಎರಡನ್ನೂ ಸೇರಿಸಿದರೂ, ನಾಳೆ ಮಷಿನ್ ಹೊಸದೊಂದು ಸ್ಥಿತಿ ಬರೆಯಲು ಶುರುಮಾಡಿದರೆ ಅದು ನಿಮ್ಮ ಕಣ್ಣಿಗೆ ಬೀಳದೆ ಮಾಯವಾಗುತ್ತದೆ. ನಿಮ್ಮ ಕಡೆ ಒಣದ್ರಾಕ್ಷಿ ಸ್ವಚ್ಛ ಮಾಡುವಾಗ ಕಡ್ಡಿ, ಕಸ ಆರಿಸಿ ತೆಗೆಯುತ್ತಾರೆಯೇ ಹೊರತು ಹಣ್ಣನ್ನು ಒಂದೊಂದಾಗಿ ಆರಿಸಿ ಇಡುವುದಿಲ್ಲ. ಇಲ್ಲೂ ಹಾಗೇ, ಬೇಡ ಎಂದು ಖಚಿತವಾಗಿ ಗೊತ್ತಿರುವುದನ್ನು ಮಾತ್ರ ತೆಗೆಯಿರಿ. ಗೊತ್ತಿಲ್ಲದ್ದು ಉಳಿದರೆ ರಿಪೋರ್ಟಿನಲ್ಲಿ ಕಾಣುತ್ತದೆ, ಆಗ ವಿಚಾರಿಸಬಹುದು.

ಈಗ ಅನ್‌ಡೂ. ನೀವು ಕೇಳಿದ ಎರಡು ಮಾತಿನಲ್ಲಿ ಒಂದು ಪೂರ್ತಿ ಸುಳ್ಳು, ಇನ್ನೊಂದು ಕೆಲವು ಸರ್ವರ್‌ಗಳಲ್ಲಿ ನಿಜ.

ಸೇವ್ ಮಾಡಿದ ಮೇಲೆ ಅನ್‌ಡೂ ಇಲ್ಲ ಎನ್ನುವುದು ಸುಳ್ಳು. ‘:ಡಬ್ಲ್ಯೂ’ ಹೊಡೆದು ಸೇವ್ ಮಾಡಿದರೂ ಫೈಲ್ ತೆರೆದೇ ಇದ್ದರೆ ‘ಯು’ ಒತ್ತಿ, ಹಿಂದಕ್ಕೆ ಬರುತ್ತದೆ. ಮತ್ತೆ ಸೇವ್ ಮಾಡಿದರಾಯಿತು. ‘:ಜಿ’ ಹೊಡೆದು ಐದು ಸಾವಿರ ಸಾಲು ಹೋಗಿದ್ದರೂ ಅದು ಒಂದೇ ಬದಲಾವಣೆ ಎಂದು ಲೆಕ್ಕ, ಒಂದೇ ‘ಯು’ಗೆ ಅಷ್ಟೂ ವಾಪಸ್. ಎಷ್ಟು ಸಲ ಒತ್ತಬೇಕೋ ಗೊತ್ತಾಗದಿದ್ದರೆ ‘:ಅರ್ಲಿಯರ್ 10ಎಮ್’ ಎಂದು ಹೊಡೆಯಿರಿ, ಹತ್ತು ನಿಮಿಷದ ಹಿಂದೆ ಫೈಲ್ ಹೇಗಿತ್ತೋ ಹಾಗೆ ಆಗುತ್ತದೆ. ‘:ಅರ್ಲಿಯರ್ 1ಎಫ್’ ಸೇವ್‌ಗಳ ಲೆಕ್ಕದಲ್ಲಿ ಹಿಂದಕ್ಕೆ ಹೋಗುತ್ತದೆ. ಹಿಂದಕ್ಕೆ ಬಂದದ್ದು ಜಾಸ್ತಿ ಆಯಿತು ಎಂದರೆ ‘ಕಂಟ್ರೋಲ್ ಆರ್’ ಮುಂದಕ್ಕೆ ತರುತ್ತದೆ. ನಿಮ್ಮ ಕೈ ತಪ್ಪಿದ್ದು ಸೇವ್‌ನಿಂದಲ್ಲ, ಹೊರಗೆ ಬಂದದ್ದರಿಂದ. ಅನ್‌ಡೂ ಇತಿಹಾಸ ಇರುವುದು ಮೆಮೊರಿಯಲ್ಲಿ, ವಿಮ್ ಮುಚ್ಚಿದರೆ ಅದೂ ಹೋಯಿತು.

ಕೆಲಸ ನಡೆಯುವಾಗ ವಿಮ್ ಪಕ್ಕದಲ್ಲಿ ಇಟ್ಟುಕೊಳ್ಳುವ ಸ್ವಾಪ್ ಫೈಲ್ ಇರುತ್ತದಲ್ಲ, ಅದರಿಂದ ತೆಗೆಯಬಹುದು ಎಂದು ಯಾರಾದರೂ ಹೇಳಿದರೆ ಅದೂ ಇಲ್ಲಿ ನಡೆಯುವುದಿಲ್ಲ. ಕರೆಂಟ್ ಹೋದಾಗ, ಪುಟ್ಟಿ ಮಧ್ಯೆ ಕಡಿದುಹೋದಾಗ ಅದು ಉಳಿದಿರುತ್ತದೆ, ‘ವಿಮ್ -ಆರ್’ ಮಾಡಿ ಕೆಲಸ ವಾಪಸ್ ತರಬಹುದು. ನೀವು ಸರಿಯಾಗಿ ಹೊರಗೆ ಬಂದಿದ್ದೀರಿ. ಹಾಗೆ ಬಂದಾಗ ವಿಮ್ ಅದನ್ನು ತಾನೇ ಅಳಿಸಿಬಿಡುತ್ತದೆ.

ಅನ್‌ಡೂ ಒಂದೇ ಸಲ ಎನ್ನುವುದು ಹಳೆಯ ವಿಐ ಎಡಿಟರ್‌ನ ಕಾಲದ್ದು. ಬಿಲ್ ಜಾಯ್ 1976ರಲ್ಲಿ ಬರ್ಕ್ಲಿಯಲ್ಲಿ ಬರೆದ ವಿಐನಲ್ಲಿ ಎರಡನೇ ಸಲ ‘ಯು’ ಒತ್ತಿದರೆ ಮೊದಲನೆಯ ಅನ್‌ಡೂವೇ ರದ್ದಾಗುತ್ತಿತ್ತು. ಬ್ರಾಮ್ ಮೂಲೆನಾರ್ 1991ರಲ್ಲಿ ಬಿಡುಗಡೆ ಮಾಡಿದ ವಿಮ್ ಬೆಳೆಯುತ್ತಾ ಈ ಮಿತಿ ದಾಟಿತು, ಈಗ ಸಾಮಾನ್ಯವಾಗಿ 1000 ಬದಲಾವಣೆವರೆಗೆ ಹಿಂದಕ್ಕೆ ಹೋಗಬಹುದು. ಆದರೆ ಡೆಬಿಯನ್, ಉಬುಂಟು ಎಂಬ ಲಿನಕ್ಸ್ ಕುಟುಂಬದ ಕೆಲವು ಸರ್ವರ್‌ಗಳಲ್ಲಿ ಪೂರ್ತಿ ವಿಮ್ ಹಾಕಿರುವುದಿಲ್ಲ, ‘ವಿಐ’ ಎಂದು ಹೊಡೆದರೆ ತೆರೆಯುವುದು ‘ವಿಮ್ ಟೈನಿ’ ಎಂಬ ಕಿರಿಯ ರೂಪ. ಅದು ಹಳೆಯ ವಿಐನ ಹಾಗೇ ನಡೆದುಕೊಳ್ಳುತ್ತದೆ, ಎರಡನೇ ‘ಯು’ಗೆ ಅಳಿಸಿದ್ದು ಮತ್ತೆ ಅಳಿದುಹೋಗುತ್ತದೆ. ನಿಮಗೆ ಹಾಗೆ ಹೇಳಿದವರು ಇದನ್ನೇ ಕಂಡಿರಬೇಕು. ಗುರುತು ಹಿಡಿಯುವುದು ಹೇಗೆ? ಇನ್ಸರ್ಟ್ ಮೋಡ್‌ನಲ್ಲಿ, ಅಂದರೆ ಅಕ್ಷರ ಟೈಪ್ ಮಾಡುವ ಸ್ಥಿತಿಯಲ್ಲಿ, ಬಾಣದ ಕೀ ಒತ್ತಿ. ಕರ್ಸರ್ ಸರಿಯುವ ಬದಲು ಎ, ಬಿ, ಸಿ, ಡಿ ಅಕ್ಷರಗಳು ಬಿದ್ದರೆ ಅದೇ. ತಾತ್ಕಾಲಿಕಕ್ಕೆ ‘:ಸೆಟ್ ನೋಕಂಪ್ಯಾಟಿಬಲ್’ ಹೊಡೆದರೆ ಅನ್‌ಡೂ ಸರಿಹೋಗುತ್ತದೆ. ಖಾಯಂ ಪರಿಹಾರ ಬೇಕೆಂದರೆ ಸರ್ವರ್ ನೋಡಿಕೊಳ್ಳುವವರಿಂದ ಪೂರ್ತಿ ವಿಮ್ ಹಾಕಿಸಿ, ದುಡ್ಡೇನೂ ಖರ್ಚಾಗುವುದಿಲ್ಲ.

ಅಳಿಸಿದ ಸಾಲು ನಾಶವಾಯಿತು ಎನ್ನುವುದೂ ಪೂರ್ತಿ ನಿಜವಲ್ಲ. ವಿಮ್‌ನಲ್ಲಿ ಡಿಡಿ ಎಂದರೆ ಕಟ್. ಸಾಲು ಹೋಗಿ ರಿಜಿಸ್ಟರ್ ಎಂಬ ಜಾಗದಲ್ಲಿ ಕೂರುತ್ತದೆ, ‘ಪಿ’ ಒತ್ತಿದರೆ ಕರ್ಸರ್‌ನ ಕೆಳಗೆ ಬಂದು ಬೀಳುತ್ತದೆ. ಕೊನೆಯ ಒಂಬತ್ತು ಸಲ ಅಳಿಸಿದ ಸಾಲುಗಳು 1ರಿಂದ 9ರವರೆಗಿನ ರಿಜಿಸ್ಟರ್‌ಗಳಲ್ಲಿ ಇರುತ್ತವೆ, ‘:ರೆಜ್’ ಹೊಡೆದರೆ ಪಟ್ಟಿ ಕಾಣುತ್ತದೆ. ಆದರೆ ‘:ಜಿ’ಯಿಂದ ಸಾವಿರಾರು ಸಾಲು ಒಟ್ಟಿಗೆ ಹೋದಾಗ ಇದನ್ನು ನಂಬಬೇಡಿ. ಪ್ರತಿ ಸಾಲೂ ಹಿಂದಿನದನ್ನು ತಳ್ಳುತ್ತಾ ಹೋಗುತ್ತದೆ, ಕೊನೆಗೆ ಉಳಿಯುವುದು ಒಂಬತ್ತೇ. ರಿಜಿಸ್ಟರ್ ಕೆಟ್ಟ ರೀತಿಯಲ್ಲೂ ಕೈಕೊಡುತ್ತದೆ: ಒಂದು ಸಾಲು ಕಾಪಿ ಮಾಡಿಕೊಂಡು, ಮಧ್ಯೆ ಇನ್ನೊಂದನ್ನು ಡಿಡಿ ಮಾಡಿ, ಆಮೇಲೆ ‘ಪಿ’ ಒತ್ತಿದರೆ ಅಳಿಸಿದ್ದೇ ಬಂದು ಬೀಳುತ್ತದೆ. ಕಾಪಿ ಮಾಡಿದ್ದು ಬೇಕಾದರೆ ‘"0ಪಿ’. ಅಥವಾ ಅಳಿಸುವಾಗಲೇ ‘"_ಡಿಡಿ’ ಎಂದರೆ ಸಾಲು ಯಾವ ರಿಜಿಸ್ಟರ್‌ಗೂ ಹೋಗುವುದಿಲ್ಲ. ದೊಡ್ಡ ಫೈಲ್‌ನಲ್ಲಿ ‘:ಜಿ/ಓಕೆ$/ಡಿ _’ ಎಂದು ಅಂಡರ್‌ಸ್ಕೋರ್ ಸೇರಿಸಿದರೆ ವೇಗವೂ ಹೆಚ್ಚುತ್ತದೆ, ಪ್ರತಿ ಸಾಲನ್ನು ರಿಜಿಸ್ಟರ್‌ಗೆ ಬರೆಯುವ ಕೆಲಸ ತಪ್ಪುತ್ತದೆ.

ಡಿ ಒತ್ತಿ ಹಿಡಿಯುವ ಅಭ್ಯಾಸ ಇವತ್ತಿಗೇ ಬಿಡಿ. ಪುಟ್ಟಿ ಮೂಲಕ ಹೋಗುವಾಗ ನೆಟ್ ನಿಧಾನ ಇದ್ದರೆ ನೀವು ಒತ್ತಿದ ಕೀಗಳು ಸಾಲಾಗಿ ಕಾಯುತ್ತಿರುತ್ತವೆ. ಪರದೆಯಲ್ಲಿ ಬೇಕಾದ ಸಾಲು ಬಂತೆಂದು ಕೈ ಎತ್ತುತ್ತೀರಿ, ಆದರೆ ಕಾಯುತ್ತಿದ್ದ ಡಿಡಿಗಳು ಇನ್ನಷ್ಟು ಸಾಲು ತಿಂದು ನಿಲ್ಲುತ್ತವೆ. ಈ ಎಡಿಟರ್ ಹುಟ್ಟಿದ್ದೇ ನಿಧಾನದ ಮೋಡೆಮ್‌ಗಳ ಕಾಲದಲ್ಲಿ. ಒಂದು ಚಿಕ್ಕ ಆಜ್ಞೆ ಕಳಿಸು, ಕೆಲಸ ಆ ಕಡೆ ಆಗಲಿ ಎನ್ನುವುದೇ ಅದರ ಲೆಕ್ಕ.

ಸಂಖ್ಯೆ ಹಾಕಿ ಅಳಿಸುವುದು ಎಲ್ಲರೂ ಮೊದಲು ಕಲಿಯುವ ದಾರಿ. ‘5ಡಿಡಿ’ ಎಂದರೆ ಕರ್ಸರ್ ಇರುವ ಸಾಲಿನಿಂದ ಐದು. ಐದು, ಆರರವರೆಗೆ ಕಣ್ಣಳತೆಯಲ್ಲಿ ನಡೆಯುತ್ತದೆ. 37 ಸಾಲು ಎಣಿಸುವ ಹೊತ್ತಿಗೆ ಒಂದು ಹೆಚ್ಚು ಕಡಿಮೆ ಆಗೇ ಆಗುತ್ತದೆ. ‘:ಸೆಟ್ ರಿಲೇಟಿವ್‌ನಂಬರ್’ ಹಾಕಿದರೆ ಪ್ರತಿ ಸಾಲು ಕರ್ಸರ್‌ನಿಂದ ಎಷ್ಟು ದೂರ ಎಂದು ಎಡಗಡೆ ಕಾಣುತ್ತದೆ. ಅಲ್ಲೂ ಒಂದು ಗುಂಡಿ ಇದೆ, ಅನುಭವ ಇರುವವರೂ ಬೀಳುತ್ತಾರೆ: ‘ಡಿ3ಜೆ’ ಅಳಿಸುವುದು ಮೂರಲ್ಲ, ನಾಲ್ಕು ಸಾಲು. ನಿಂತ ಸಾಲೂ ಸೇರುತ್ತದೆ. ಆದರೆ ‘3ಡಿಡಿ’ ಸರಿಯಾಗಿ ಮೂರು.

ಎಣಿಸುವ ತಲೆನೋವೇ ಬೇಡ ಎಂದರೆ ದೊಡ್ಡ ವಿ. ಮೊದಲ ಸಾಲಿನಲ್ಲಿ ನಿಂತು ದೊಡ್ಡ ವಿ ಒತ್ತಿ, ಜೆ ಒತ್ತುತ್ತಾ ಕೆಳಗೆ ಬನ್ನಿ. ಆಯ್ದ ಸಾಲುಗಳು ಬೇರೆ ಬಣ್ಣದಲ್ಲಿ ಕಾಣುತ್ತವೆ. ಕೊನೆಯ ಸಾಲು ನೋಡಿ, ಸರಿ ಅನ್ನಿಸಿದರೆ ‘ಡಿ’. ಡಿಡಿಗಿಂತ ಎರಡು ಕೀ ಜಾಸ್ತಿ ಇರಬಹುದು, ಆದರೆ ಒಂದು ಪರದೆಯಷ್ಟು ಸಾಲಿಗೆ ನಾನು ಎಲ್ಲರಿಗೂ ಹೇಳುವುದು ಇದನ್ನೇ. ಇನ್ನೂ ದೂರ ಹೋಗಬೇಕಾದರೆ ಶುರುವಿನ ಸಾಲಿನಲ್ಲಿ ‘ಎಂಎ’ ಒತ್ತಿ ಗುರುತು ಹಾಕಿ, ಕೆಳಗೆ ಎಷ್ಟು ಬೇಕಾದರೂ ಓದುತ್ತಾ ಹೋಗಿ, ಕೊನೆಯ ಸಾಲಿನಲ್ಲಿ ‘ಡಿ’ ಒತ್ತಿ ಸಿಂಗಲ್ ಕೋಟ್ ಒತ್ತಿ ‘ಎ’ ಒತ್ತಿ. ಗುರುತಿನಿಂದ ಅಲ್ಲಿಯವರೆಗಿನ ಸಾಲುಗಳೆಲ್ಲ ಹೋಗುತ್ತವೆ.

ಸಾಲಿನ ನಂಬರ್ ಗೊತ್ತಿದ್ದರೆ ‘:120,480ಡಿ’. ಇಲ್ಲಿಂದ ಕೊನೆವರೆಗೆ ಎಂದರೆ ‘ಡಿ’ ಒತ್ತಿ ದೊಡ್ಡ ಜಿ, ಇಲ್ಲಿಂದ ಮೇಲಕ್ಕೆ ಮೊದಲಿನವರೆಗೆ ಎಂದರೆ ‘ಡಿಜಿಜಿ’. ಖಾಲಿ ಸಾಲುಗಳ ನಡುವಿನ ಒಂದು ಗುಂಪು ಪೂರ್ತಿ ಹೋಗಬೇಕೆಂದರೆ ‘ಡಿಎಪಿ’, ಅದೇ ಕೆಲಸ ಮುಂದಿನ ಗುಂಪಿಗೂ ಬೇಕಾದರೆ ಚುಕ್ಕಿ ಕೀ ಒತ್ತಿದರೆ ಸಾಕು.

ಖಾಲಿ ಸಾಲು ತೆಗೆಯುವ ‘:ಜಿ/^$/ಡಿ’ಯನ್ನು ಎಲ್ಲರೂ ಹೇಳಿಕೊಡುತ್ತಾರೆ. ಹೊಡೆದ ಮೇಲೂ ಅಲ್ಲಲ್ಲಿ ಖಾಲಿ ಸಾಲು ಉಳಿಯುತ್ತವೆ, ಆಗ ಜನ ವಿಮ್‌ಗೆ ಬೈಯುತ್ತಾರೆ. ಆ ಸಾಲುಗಳು ಖಾಲಿ ಇರುವುದಿಲ್ಲ, ಅಷ್ಟೇ. ಕೆಲವದರಲ್ಲಿ ಸ್ಪೇಸ್ ಅಥವಾ ಟ್ಯಾಬ್ ಇರುತ್ತದೆ, ಅದಕ್ಕೆ ‘:ಜಿ/^\ಎಸ್*$/ಡಿ’ ಸಾಕು. ಕೆಲವದರ ಕೊನೆಯಲ್ಲಿ ವಿಂಡೋಸ್ ಫೈಲ್‌ಗಳ ಸಾಲು ಮುಗಿಸುವ ಗುರುತು ಉಳಿದಿರುತ್ತದೆ, ಪರದೆಯಲ್ಲಿ ‘^ಎಮ್’ ಎಂದು ಕಾಣುತ್ತದೆ. ಫೈಲ್‌ನ ಎಲ್ಲ ಸಾಲೂ ವಿಂಡೋಸ್ ರೀತಿ ಮುಗಿದಿದ್ದರೆ ವಿಮ್ ಅದನ್ನು ತಾನೇ ಅರಿತು ಮರೆಮಾಡುತ್ತದೆ, ತೊಂದರೆ ಇಲ್ಲ. ಅರ್ಧ ಹಾಗೆ ಅರ್ಧ ಹೀಗೆ ಇದ್ದರೆ ಈ ಗುರುತು ಮೇಲೆ ಬರುತ್ತದೆ. ಅಂಥ ಫೈಲ್‌ನಲ್ಲಿ ‘ಓಕೆ$’ ಕೂಡ ಕೈಕೊಡುತ್ತದೆ, ಯಾಕೆಂದರೆ ಆ ಸಾಲುಗಳ ಕೊನೆಯಲ್ಲಿ ಇರುವುದು ‘ಓಕೆ’ ಅಲ್ಲ, ಆ ಗುರುತು. ಮೊದಲು ‘:%ಎಸ್/\ಆರ್$//’ ಹೊಡೆದು ಅದನ್ನು ತೆಗೆದು ಆಮೇಲೆ ಮುಂದಿನ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೆ ನೇರವಾಗಿ ಹೇಳುತ್ತೇನೆ: ನಿಮ್ಮ ದಿನದ ರಿಪೋರ್ಟಿಗೆ ವಿಮ್ ಬೇಕೇ ಇಲ್ಲ. ಆ ಲಾಗ್ ಫೈಲ್ ಒಂದು ದಾಖಲೆ. ನಾಳೆ ಮಾಲು ಕೆಟ್ಟಿತು ಎಂದು ಯಾರಾದರೂ ಬಂದರೆ ನಿಮ್ಮ ಕಡೆ ತೋರಿಸಲು ಇರುವುದು ಅದೊಂದೇ. ಅದರಿಂದ ಸಾಲು ಅಳಿಸುವುದೇ ತಪ್ಪು ದಾರಿ, ಎಷ್ಟೇ ಹುಷಾರಾಗಿ ಅಳಿಸಿದರೂ. ಮೂಲ ಮುಟ್ಟದೆ ಬೇಕಾದ್ದನ್ನು ಇನ್ನೊಂದು ಫೈಲ್‌ಗೆ ತೆಗೆದುಕೊಳ್ಳಿ. ಸರ್ವರ್‌ನಲ್ಲಿ ಸಾಲು ಹುಡುಕಿ ಕೊಡುವ ಗ್ರೆಪ್ ಎಂಬ ಆಜ್ಞೆ ಇದೆ, ಒಂದೇ ಸಾಲು: ‘ಗ್ರೆಪ್ -ವಿ -ಡಬ್ಲ್ಯೂ ಓಕೆ’, ಆಮೇಲೆ ಲಾಗ್ ಫೈಲ್‌ನ ಹೆಸರು, ಆಮೇಲೆ ‘>’ ಚಿಹ್ನೆ, ಆಮೇಲೆ ಹೊಸ ಫೈಲ್‌ನ ಹೆಸರು. ‘-ವಿ’ ಎಂದರೆ ಸಿಕ್ಕ ಸಾಲು ಬಿಟ್ಟು ಉಳಿದದ್ದು, ‘-ಡಬ್ಲ್ಯೂ’ ಎಂದರೆ ಬಿಡಿ ಪದ ಮಾತ್ರ, ಲೋಕಾಪುರ ಕ್ಷೇಮ. ಇಲ್ಲಿ ‘ಓಕೆ$’ ಹಾಕಬೇಡಿ. ಫೈಲ್ ವಿಂಡೋಸ್ ರೀತಿಯದಾಗಿದ್ದರೆ ಗ್ರೆಪ್ ವಿಮ್‌ನ ಹಾಗೆ ಅದನ್ನು ಅರಿಯುವುದಿಲ್ಲ, ಒಂದು ಸಾಲೂ ಕಡಿಮೆಯಾಗದೆ 5760ಕ್ಕೆ 5760 ಹಾಗೇ ಬರುತ್ತವೆ.

ಒಂದು ಅಪಾಯ ಇದೆ, ದಯವಿಟ್ಟು ನೆನಪಿಡಿ. ‘>’ ಆದಮೇಲೆ ಅದೇ ಲಾಗ್ ಫೈಲ್‌ನ ಹೆಸರು ಕೊಡಬೇಡಿ. ಗ್ರೆಪ್ ಓದಲು ಶುರುಮಾಡುವ ಮುಂಚೆಯೇ ಆ ಚಿಹ್ನೆ ಫೈಲನ್ನು ಖಾಲಿ ಮಾಡಿಬಿಡುತ್ತದೆ. ಅಲ್ಲಿ ‘ಯು’ ಕೂಡ ಇಲ್ಲ.

ಇನ್ನೊಂದು, ಇವತ್ತಿನ ಫೈಲನ್ನು, ಅಂದರೆ ಮಷಿನ್ ಇನ್ನೂ ಬರೆಯುತ್ತಿರುವುದನ್ನು, ವಿಮ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ನೀವು ಹತ್ತು ಗಂಟೆಗೆ ತೆರೆದು ಹತ್ತೂಕಾಲಿಗೆ ಸೇವ್ ಮಾಡಿದರೆ, ನಡುವೆ ಮಷಿನ್ ಬರೆದ 60 ಸಾಲುಗಳ ಮೇಲೆ ನಿಮ್ಮ ಹಳೆಯ ಪ್ರತಿ ಹೋಗಿ ಕೂರುತ್ತದೆ. ಫೈಲ್ ಬದಲಾಗಿದೆ, ನಿಜವಾಗಿ ಬರೆಯಬೇಕಾ ಎಂದು ವಿಮ್ ಕೇಳುತ್ತದೆ. ಎಷ್ಟೋ ಜನ ಓದದೆ ‘ವೈ’ ಒತ್ತುತ್ತಾರೆ. ನೋಡುವುದಷ್ಟೇ ಬೇಕಾದರೆ ‘ವಿಮ್ -ದೊಡ್ಡ ಆರ್’ ಹಾಕಿ ತೆರೆಯಿರಿ, ಓದಲು ಮಾತ್ರ ತೆರೆಯುತ್ತದೆ.

ಅನ್‌ಡೂ ಇತಿಹಾಸವನ್ನು ಡಿಸ್ಕ್‌ನಲ್ಲಿ ಉಳಿಸುವ ಸೌಲಭ್ಯವೂ ಇದೆ, ‘ಸೆಟ್ ಅನ್‌ಡೂಫೈಲ್’. 2010ರಲ್ಲಿ ಬಂದ ವಿಮ್ 7.3ರಿಂದ ಇದೆ. ನಿಮ್ಮ ಸೆಟ್ಟಿಂಗ್ ಫೈಲ್‌ನಲ್ಲಿ ಹಾಕಿಕೊಂಡರೆ, ಮುಚ್ಚಿ ಮರುದಿನ ತೆರೆದರೂ ‘ಯು’ ನಡೆಯುತ್ತದೆ. ಆದರೆ ಮಧ್ಯೆ ಬೇರೆ ಪ್ರೋಗ್ರಾಮ್ ಆ ಫೈಲನ್ನು ಬದಲಿಸಿದ್ದರೆ ವಿಮ್ ಹಳೆಯ ಇತಿಹಾಸವನ್ನು ಒಪ್ಪುವುದಿಲ್ಲ. ಮಷಿನ್ ಬರೆಯುವ ಫೈಲ್‌ಗೆ ಇದನ್ನು ನಂಬಿ ಕೂರುವ ಹಾಗಿಲ್ಲ, ನಿಮ್ಮ ಸ್ವಂತ ಫೈಲ್‌ಗಳಿಗೆ ಒಳ್ಳೆಯದು.

ಡಿಡಿ ಒತ್ತಿದರೂ ಏನೂ ಆಗದಿರಲು ಸಾಮಾನ್ಯವಾಗಿ ಕೀಬೋರ್ಡೇ ಕಾರಣ. ಲೆಕ್ಕಪತ್ರಕ್ಕೆ ನುಡಿಯಲ್ಲಿ ಕನ್ನಡ ಟೈಪ್ ಮಾಡುತ್ತೀರಿ ಅಲ್ವಾ? ಅದನ್ನು ಆಫ್ ಮಾಡದೆ ಪುಟ್ಟಿಗೆ ಬಂದರೆ ಡಿ ಕೀ ‘ದ’ ಕಳಿಸುತ್ತದೆ. ಆಜ್ಞೆ ಕೊಡುವ ನಾರ್ಮಲ್ ಮೋಡ್‌ನಲ್ಲಿ ವಿಮ್‌ಗೆ ‘ದ’ ಒಂದು ಆಜ್ಞೆಯಲ್ಲ, ಸುಮ್ಮನಿರುತ್ತದೆ. ಪರದೆಯಲ್ಲಿ ಡಿಡಿ ಎಂದೇ ಅಕ್ಷರ ಬಿದ್ದರೆ ನೀವು ಇನ್ಸರ್ಟ್ ಮೋಡ್‌ನಲ್ಲಿದ್ದೀರಿ, ಎಸ್ಕೇಪ್ ಒತ್ತಿ. ಇವೆರಡಕ್ಕಿಂತ ಕೆಟ್ಟದ್ದು ಕ್ಯಾಪ್ಸ್ ಲಾಕ್. ದೊಡ್ಡ ಡಿ ಎಂದರೆ ಕರ್ಸರ್‌ನಿಂದ ಸಾಲಿನ ಕೊನೆವರೆಗೆ ಅಳಿಸು, ದೊಡ್ಡ ಜೆ ಎಂದರೆ ಕೆಳಗಿನ ಸಾಲನ್ನು ಇದಕ್ಕೆ ಅಂಟಿಸು. ಕ್ಯಾಪ್ಸ್ ಲಾಕ್ ಆನ್ ಇರುವುದು ಗೊತ್ತಿಲ್ಲದೆ ಜೆ ಒತ್ತುತ್ತಾ ಕೆಳಗೆ ಬರಲು ನೋಡಿದರೆ ಸಾಲುಗಳು ಒಂದಕ್ಕೊಂದು ಸೇರಿ ಉದ್ದನೆಯ ಒಂದೇ ಸಾಲಾಗುತ್ತವೆ. ಆಗ ಗಾಬರಿಯಾಗಿ ಇನ್ನೇನೋ ಒತ್ತಬೇಡಿ. ಕ್ಯಾಪ್ಸ್ ಲಾಕ್ ಆಫ್ ಮಾಡಿ ‘ಯು’ ಒತ್ತುತ್ತಾ ಬನ್ನಿ.

ನ್ಯಾನೋ ಹಿಡಿಯುವುದರಲ್ಲಿ ತಪ್ಪೇನಿಲ್ಲ. ಅದು ಹೊಸಬರ ಎಡಿಟರ್ ಎಂದು ನಗುವವರು ಇರುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ‘ಕಂಟ್ರೋಲ್ ಕೆ’ ಒಂದು ಸಾಲು ಕಟ್ ಮಾಡುತ್ತದೆ, ಬಿಡದೆ ಹತ್ತು ಸಲ ಒತ್ತಿದರೆ ಹತ್ತೂ ಒಟ್ಟಿಗೆ ಕೂಡಿರುತ್ತವೆ, ‘ಕಂಟ್ರೋಲ್ ಯು’ಗೆ ಅಷ್ಟೂ ವಾಪಸ್ ಬೀಳುತ್ತವೆ. ಅನ್‌ಡೂ ‘ಆಲ್ಟ್ ಯು’. ಅಲ್ಲಿ ಇಲ್ಲದಿರುವುದು ‘:ಜಿ’ಯಂಥ ಆಜ್ಞೆ. ಆ ಕೆಲಸವನ್ನು ಇನ್ನು ಮೇಲೆ ಗ್ರೆಪ್ ಮಾಡುತ್ತದೆ ಎಂದಾದರೆ, ರಿಪೋರ್ಟಿನಲ್ಲಿ ಉಳಿದ 58 ಸಾಲಿನಿಂದ ಎರಡು ಮೂರನ್ನು ತೆಗೆಯಲು ನ್ಯಾನೋ ಧಾರಾಳ ಸಾಕು. ಎರಡು ತಿಂಗಳು ಅದರಲ್ಲೇ ಕೆಲಸ ಮಾಡಿ. ವಿಮ್ ಬೇಕು ಅನ್ನಿಸಿದರೆ ದೊಡ್ಡ ವಿಯಿಂದ ಮತ್ತೆ ಶುರುಮಾಡಿ, ‘:ಜಿ’ಯಿಂದ ಬೇಡ.